ನಿದ್ದೆ ಮಾಡದ ಗಾಡಿ

ವಕೀಲಿ ವೃತ್ತಿಯಲ್ಲಿ ನಾನು ಎಷ್ಟೋ ಜನರ ಪರವಾಗಿ ನಿಂತಿದ್ದೇನೆ, ಕೆಲವು ಕಳ್ಳರ ಪರವಾಗಿಯೂ. ಅವರಿಗೆಲ್ಲ ವಿಚಾರಣೆ ಸಿಕ್ಕಿತು, ವಾಯಿದೆ ಮೇಲೆ ವಾಯಿದೆ ಸಿಕ್ಕಿತು. ಅದೇನೂ ಸಿಗದೆ ಒಂದೇ ಮಾತಿನಲ್ಲಿ ಶಿಕ್ಷೆಯಾದದ್ದು ನಮ್ಮ ಡ್ರೈವರ್ ಕಾಕಾನಿಗೆ. ಕೊಟ್ಟವಳು ನಾನೇ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ನಮ್ಮ ಮನೆ ರಾಣೆಬೆನ್ನೂರಿನಲ್ಲಿ, ನನ್ನ ಕೆಲಸ ಹಾವೇರಿಯ ಕೋರ್ಟಿನಲ್ಲಿ. ಬೀಜದ ವ್ಯಾಪಾರ ಮಾಡುವ ನನ್ನ ಯಜಮಾನರು ಹುಬ್ಬಳ್ಳಿಯಿಂದ ಒಂದು ಹಳೆಯ ವಿಲಾಯತಿ ಗಾಡಿ ತಂದರು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥದ್ದು, ಚರ್ಮದ ಸೀಟು, ಮುಂದೆ ಹೊಳೆಯುವ ಮರದ ಹಲಗೆ, ಗುಂಡಿ ಒತ್ತಿದರೆ ಇಡೀ ಗಾಡಿ ಗೇಣುದ್ದ ಮೇಲೇಳುತ್ತಿತ್ತು. "ಹೊಲದ ದಾರಿಗೆ ಬೇಕಾಗ್ತೈತಿ" ಎಂದು ಯಜಮಾನರು ಹೇಳಿದರು. ಆ ಗಾಡಿ ಹೊಲದ ಮುಖ ನೋಡಲಿಲ್ಲ. ಪೇಟೆಯಲ್ಲಿ ಗೆಳೆಯರಿಗೆ ತೋರಿಸಿ ಮುಗಿದ ಮೇಲೆ, ದಿನಾ ನನ್ನನ್ನು ಕೋರ್ಟಿಗೆ ಹೊತ್ತೊಯ್ಯುವ ಕೆಲಸಕ್ಕೆ ಬಿತ್ತು. ನಾನು ಇಳಿಯುವಾಗ ಜೊತೆಯ ವಕೀಲರು "ಮಂತ್ರಿಗಳು ಬಂದ್ರು, ಎದ್ದ ನಿಂದರ್ರಿ" ಎಂದು ನಗುತ್ತಿದ್ದರು. ನನಗೂ ಒಳಗೊಳಗೇ ಖುಷಿಯಿತ್ತು, ಅದನ್ನೇಕೆ ಮುಚ್ಚಿಡಲಿ.

ವಯಸ್ಸಾದ ಗಾಡಿ, ಚಾಳಿಗಳಿಗೆ ಕೊರತೆಯಿರಲಿಲ್ಲ. ಮಳೆ ಬಂದರೆ ಹಾರ್ನು ತಾನಾಗಿಯೇ ಕೂಗುತ್ತಿತ್ತು. ಕೆಳಗಿಳಿದ ಗಾಜು ಮೇಲೇರಲು ಮನಸ್ಸು ಮಾಡುತ್ತಿರಲಿಲ್ಲ. ಚಾವಣಿಯ ದೀಪ ಕೆಟ್ಟು ಎಷ್ಟೋ ತಿಂಗಳಾಗಿತ್ತು, ಅದರ ಸಾಮಾನು ಎಲ್ಲೂ ಸಿಗಲಿಲ್ಲ. ಸಂಜೆ ಮರಳುವಾಗ ಕಾಗದಪತ್ರ ಓದುವ ರೂಢಿ ನನ್ನದು. ಹಟ ಹಿಡಿದು, ದಾರಿ ಬದಿಯ ಒಂದು ಅಂಗಡಿಯಲ್ಲಿ ಹಿಂದಿನ ಸೀಟಿನ ಪಕ್ಕ ಸಣ್ಣ ಓದುವ ದೀಪ ಹಾಕಿಸಿಕೊಂಡೆ.

ಇಷ್ಟೆಲ್ಲವನ್ನೂ ಸಹಿಸಿಕೊಂಡು ಗಾಡಿ ಓಡಿಸುತ್ತಿದ್ದವನು ಕಾಕಾ. ಹಲಗೇರಿಯವನು. ನಮ್ಮ ಮಾವನವರ ಜೀಪಿನ ಕಾಲದಿಂದ ಈ ಮನೆಯಲ್ಲಿ ಸ್ಟೇರಿಂಗ್ ಹಿಡಿದವನು. ನಾನು ಸೊಸೆಯಾಗಿ ಬಂದ ದಿನ ಆ ಜೀಪು ಓಡಿಸಿದವನೂ ಅವನೇ. ಮಾತು ಕಡಿಮೆ. ಅವನಿಗಿದ್ದ ಒಂದೇ ಶೋಕಿ ಹಾಡು. ನಾನು ಕೋರ್ಟಿನ ಒಳಗಿದ್ದಾಗ ಗಾಡಿಯಲ್ಲಿ ಕುಳಿತು ಸಣ್ಣಗೆ ಹಾಡು ಹಚ್ಚಿಕೊಳ್ಳುತ್ತಿದ್ದ.

ಒಂದು ದಿನ ಬೆಳಿಗ್ಗೆ ಗಾಡಿ ಚಾಲೂ ಆಗಲಿಲ್ಲ. ಬ್ಯಾಟರಿ ಪೂರ್ತಿ ಇಳಿದಿತ್ತು. ತಳ್ಳಿಸಿಕೊಂಡು ಹೊರಡುವ ಜಾತಿಯ ಗಾಡಿಯಲ್ಲ ಅದು. ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ಎಬ್ಬಿಸಿದರು. ನಾಲ್ಕು ದಿನ ಸರಿಯಿತ್ತು, ಐದನೆಯ ದಿನ ಮತ್ತೆ ಅದೇ ಕಥೆ. ಹೊಸ ಬ್ಯಾಟರಿ ಹಾಕಿಸಿದೆವು, ಅದೂ ಮಲಗಿತು. ಹುಬ್ಬಳ್ಳಿಯ ದೊಡ್ಡ ಗ್ಯಾರೇಜಿಗೆ ಕಳಿಸಿದೆವು. ಅವರು ಕಂಪ್ಯೂಟರ್ ಚುಚ್ಚಿ ನೋಡಿ, ಎರಡು ದಿನ ಇಟ್ಟುಕೊಂಡು, "ಗಾಡಿಯಲ್ಲಿ ದೋಷವಿಲ್ಲ, ಡ್ರೈವರ್ ಏನೋ ಚಾಲೂ ಬಿಟ್ಟು ಹೋಗುತ್ತಿರಬೇಕು" ಎಂದು ಹೇಳಿ ಕಳಿಸಿದರು. ನನಗೆ ಬೇಕಾಗಿದ್ದ ಮಾತು ಅದೇ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೊಂದು ಗುರಿ ಸಿಕ್ಕಿತು. "ನಾ ಏನೂ ಚಾಲೂ ಬಿಟ್ಟಿಲ್ರಿ" ಎಂದು ಕಾಕಾ ತಾನಾಗಿ ಹೇಳಿದರೂ ನಾನು ಕಿವಿಗೊಡಲಿಲ್ಲ.

ಮರುವಾರ ಒಂದು ದೊಡ್ಡ ವಾಟ್ನಿ ದಾವೆ, ಅಂದರೆ ಅಣ್ಣತಮ್ಮಂದಿರ ಆಸ್ತಿ ಪಾಲಿನ ಕೇಸು, ವಿಚಾರಣೆಗೆ ಇತ್ತು. ಅವತ್ತೇ ಗಾಡಿ ಕೈಕೊಟ್ಟಿತು. ನನ್ನ ಕೇಸು ಕೂಗಿದಾಗ ನಾನಿನ್ನೂ ಬಸ್ಸಿನಲ್ಲಿ ನಿಂತಿದ್ದೆ. ಮಧ್ಯಾಹ್ನ ಕಾಕಾ ಹೇಗೋ ಗಾಡಿ ಎಬ್ಬಿಸಿಕೊಂಡು ಹಾವೇರಿಗೆ ಬಂದ. ಕೋರ್ಟಿನ ಮುಂದಿನ ಚಹಾದಂಗಡಿಯ ಹತ್ತಿರ, ಗುಮಾಸ್ತರು, ಕಕ್ಷಿದಾರರು, ಇತರ ಡ್ರೈವರುಗಳು ಎಲ್ಲರೂ ನಿಂತಿರುವಾಗ ನಾನು ಬಾಯಿ ಬಿಟ್ಟೆ.

"ರಾತ್ರಿ ಎಲ್ಲಾ ಹಾಡು ಹಚ್ಚಿ ಬ್ಯಾಟರಿ ತಿಂದ ಹಾಕೀದಿ. ಮ್ಯಾಲ ಸುಳ್ಳು ಬ್ಯಾರೆ. ಮುಂದಿನ ಒಂದನೇ ತಾರೀಖಿನಿಂದ ಬರಬ್ಯಾಡ."

ಕಾಕಾನ ಮುಖ ಕಪ್ಪಿಟ್ಟಿತು. ಸುತ್ತ ನಿಂತ ಡ್ರೈವರುಗಳು ನೆಲ ನೋಡಿದರು. ಅವನು ಬಹಳ ಮೆಲ್ಲಗೆ ಹೇಳಿದ:

"ಬಿಡ್ತೇನ್ರಿ ಅವ್ವಾರ. ಆದ್ರ ಈ ಮಾತು ಹೊತಗೊಂಡು ಹೋದ್ರ ಮುಂದ ಯಾರೂ ನನ್ನ ಕೈಯಾಗ ಕೀಲಿ ಕೊಡೂದಿಲ್ಲ. ಬ್ಯಾಡಗ್ಯಾಗ ಒಬ್ಬ ಚಲೋ ಮಿಸ್ತ್ರಿ ಅದಾನಂತ, ಒಂದ ಸಲ ಅವಗ ತೋರಸ್ರಿ. ಖರೇನ ನಂದ ತಪ್ಪಿದ್ರ ಅಲ್ಲೇ ಕೀಲಿ ಇಟ್ಟು ನಡಕೋತ ಹೊಕ್ಕೇನಿ."

ನ್ಯಾಯ ನನ್ನ ಕಡೆಗಿದೆ ಎಂಬ ಭರವಸೆಯಲ್ಲೇ ಒಪ್ಪಿಕೊಂಡೆ. ತಪ್ಪು ಸಾಬೀತಾಗುವುದನ್ನು ಕಣ್ಣಾರೆ ನೋಡಬೇಕೆಂದು, ಕೋರ್ಟಿಗೆ ರಜೆಯಿದ್ದ ದಿನ ನಾನೇ ಜೊತೆಗೆ ಹೋದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಊರು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಿತ್ತು. ಮಿಸ್ತ್ರಿಯ ಅಂಗಡಿ ಎಂದರೆ ಬೇವಿನ ಗಿಡದ ಕೆಳಗೆ ನಾಲ್ಕು ತಗಡು, ಒಂದು ಬೆಂಚು, ಒಂದು ಮೇಜು. ಕಂಪ್ಯೂಟರ್ ಹೋಗಲಿ, ಹೆಸರು ಬರೆದ ಹಲಗೆಯೂ ಇಲ್ಲ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಇವನೇನು ಬಗೆಹರಿಸಿಯಾನು ಎಂದುಕೊಂಡೆ. ಓದಲು ತಂದಿದ್ದ ಅದೇ ವಾಟ್ನಿ ಕೇಸಿನ ಎರಡು ದಪ್ಪ ಕಟ್ಟುಗಳನ್ನು ಇಳಿಸಿಕೊಂಡು ಬೆಂಚಿನ ಮೇಲೆ ಕುಳಿತೆ.

ಅವನು ಗಾಡಿ ಮುಟ್ಟಲಿಲ್ಲ. ಮೊದಲು ಕಾಕಾನನ್ನು ಗಿಡದ ಆಚೆ ಕರೆದುಕೊಂಡು ಹೋಗಿ ಬಹಳ ಹೊತ್ತು ಏನೇನೋ ಕೇಳಿದ. ಆಮೇಲೆ ಬಂದು ಅವೇ ಪ್ರಶ್ನೆಗಳನ್ನು ನನಗೆ ಹಾಕಿದ. ಯಾವ ಯಾವ ದಿನ ಕೆಟ್ಟಿತು, ಹಿಂದಿನ ಸಂಜೆ ಯಾರು ಯಾರು ಕುಳಿತಿದ್ದರು, ಯಾವ ಬಾಗಿಲಿನಿಂದ ಇಳಿದರು, ಹೊಸದಾಗಿ ಏನೇನು ಹಾಕಿಸಿದಿರಿ. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆಯಾಗಿ ವಿಚಾರಿಸುವುದು! ನನ್ನ ಕಿವಿ ನೆಟ್ಟಗಾಯಿತು. ಓದುವ ದೀಪದ ಮಾತು ಬಂದಾಗ ಅವನು ತಲೆಯಾಡಿಸಿದ, ಅಷ್ಟೆ.

"ಹಾಡಿಂದ ಇಳಿದಿರಬೇಕು, ಹೌದಿಲ್ಲೋ?" ಎಂದು ನಾನೇ ಉತ್ತರ ಎತ್ತಿ ಕೊಟ್ಟೆ.

"ಅಷ್ಟು ದೊಡ್ಡ ಬ್ಯಾಟರಿ, ತಾಸೊಪ್ಪತ್ತು ಹಾಡು ಕೇಳಿದ್ರ ಸಾಯೂದಿಲ್ರಿ ವಕೀಲ ಬಾಯಾರ. ನೋಡೂನು ತಡೀರಿ."

ಬಾನೆಟ್ ಎತ್ತಿದ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಸೇರಿಸಿದ. ಬಾಗಿಲುಗಳನ್ನೆಲ್ಲ ಮುಚ್ಚಿಸಿದ. ಬಲ್ಬು ಮಂದವಾಗಿ ಉರಿಯುತ್ತಿತ್ತು.

"ಈಗ ಯಾರೂ ಮುಟ್ಟಬ್ಯಾಡ್ರಿ. ಇಂಥಾ ಗಾಡಿ ಬಾಗಲಾ ಹಾಕಿದ ಕೂಡ್ಲೇ ಮಲಗೂದಿಲ್ಲ. ಅರ್ಧಾ ತಾಸು ಬೇಕು. ಅದು ನಿದ್ದಿಗೆ ಹೋತಂದ್ರ ಬಲ್ಬ್ ಆರ್ತೈತಿ. ಆರಲಿಲ್ಲಂದ್ರ ಏನೋ ಒಂದು ಎಚ್ಚರ ಐತಿ ಅಂತ ಲೆಕ್ಕ."

ಚಹಾ ತರಿಸಿದ. ಮೂವರೂ ಸೀನುತ್ತ, ಕೆಮ್ಮುತ್ತ ಆ ಬಲ್ಬು ನೋಡುತ್ತ ಕುಳಿತೆವು. ಕಾಕಾ ಚಹಾ ಕುಡಿಯಲಿಲ್ಲ. ಅರ್ಧ ಗಂಟೆಗೆ ಬಲ್ಬು ಆರಿತು. ಗಾಡಿಯಲ್ಲಿ ದೋಷವಿಲ್ಲ! ಗೆದ್ದವಳಂತೆ ನಾನು ಕಾಕಾನ ಕಡೆ ನೋಡಿದೆ. ಅವನು ಜೇಬಿನಿಂದ ಕೀಲಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದ.

ಮಿಸ್ತ್ರಿ ಮಾತ್ರ ಬೆಂಚಿನ ಕಡೆ ನೋಡುತ್ತಿದ್ದ. "ಇವು ಏನ್ರಿ?"

"ಕೇಸಿನ ಕಾಗದಾ."

"ಗಾಡಿ ಕೆಟ್ಟ ದಿನ ಇವು ಒಳಗ ಇದ್ದೂ?"

ನನಗೆ ನೆನಪಿರಲಿಲ್ಲ. ಕಾಕಾನಿಗೆ ಇತ್ತು. "ಹೌದ್ರಿ. ಅವ್ವಾರು ದಣದ ಬಂದ ದಿನ ಅಲ್ಲೇ ಸೀಟಿನ ಬುಡಕ ಬಿಟ್ಟು ಇಳೀತಿದ್ರು. ನಸಿಕಲೇ ಎದ್ದು ಓದೂದಿದ್ರ ಮನ್ಯಾಗ ಒಯ್ತಿದ್ರು." ಹಾಗೆ ಬಿಟ್ಟು ಇಳಿದ ದಿನಗಳನ್ನು ಅವನು ಒಂದೊಂದಾಗಿ ಹೇಳಿದ, ಗಾಡಿ ಕೆಟ್ಟ ದಿನಗಳಿಗೆ ಅವು ತಾಳೆಯಾಗುತ್ತಿದ್ದವು.

"ಗ್ಯಾರೇಜಿಗೆ ಕಳಸುವಾಗ?"

"ಗ್ಯಾರೇಜಿಗೆ ಕೇಸಿನ ಕಾಗದಾ ಯಾರ್ ಕಳಸ್ತಾರ?" ಎಂದೆ ನಾನು. ಹೇಳುತ್ತಿರುವಾಗಲೇ ನನ್ನ ದನಿ ಇಳಿಯಿತು.

ಮಿಸ್ತ್ರಿ ಕಟ್ಟುಗಳನ್ನು ತೆಗೆದುಕೊಂಡು ಹೋಗಿ, ಕಾಕಾ ತೋರಿಸಿದ ಜಾಗದಲ್ಲೇ ಇಟ್ಟು, ಬಾಗಿಲು ಮುಚ್ಚಿದ. ಮತ್ತೆ ಅರ್ಧ ಗಂಟೆ. ಬಲ್ಬು ಉರಿಯುತ್ತಲೇ ಇತ್ತು. ಮುಕ್ಕಾಲು ಗಂಟೆಯಾದರೂ ಉರಿಯುತ್ತಲೇ ಇತ್ತು. ಅವನು ಬಾನೆಟ್ಟಿನ ಕೆಳಗಿನ ಫ್ಯೂಜುಗಳನ್ನು ಒಂದೊಂದಾಗಿ ಕಿತ್ತು ನೋಡಿ, ಮತ್ತೆ ಅದರ ಜಾಗಕ್ಕೆ ಒತ್ತುತ್ತ ಹೋದ. ಹನ್ನೊಂದನೆಯದೋ ಹನ್ನೆರಡನೆಯದೋ ಕಿತ್ತಾಗ ಬಲ್ಬು ಆರಿತು. "ಹಿಂದಿನ ಬಾಗಲದ್ದು" ಎಂದ.

ಸೀಟಿನ ಬುಡದ ನೆಲಹಾಸು ಎತ್ತಿದಾಗ ಹಗ್ಗದಷ್ಟು ದಪ್ಪ ತಂತಿಗಳ ಕಂತೆ ಕಂಡಿತು. ನಾನೂ ಬಗ್ಗಿ ನೋಡಿ, ನನ್ನ ಜಾಣತನಕ್ಕೂ ಒಂದು ಜಾಗ ಇರಲೆಂದು, "ಈ ಕಂದು ಬಣ್ಣದ್ದು, ಮ್ಯಾಲ ಕೆಂಪು ಗೆರೀ ಇದ್ದದ್ದು ಎರಡದಾವ ನೋಡ್ರಿ" ಎಂದೆ.

"ಬಣ್ಣ ಹೇಳಬ್ಯಾಡ್ರಿ ಬಾಯಾರ. ನನಗ ಕೆಂಪು, ಕಂದು, ಹಸರು ಎಲ್ಲಾ ಒಂದ."

ತಂತಿಯ ಬಣ್ಣ ಕಾಣದವನ ಕೈಗೆ ಈ ಗಾಡಿ ಕೊಟ್ಟೆನೇ? ಅವನು ಬಲ್ಬಿನ ಮೊನೆಯಿಂದ ಒಂದೊಂದೇ ತಂತಿ ಮುಟ್ಟಿ ನೋಡುತ್ತ, ಆರಾಮಾಗಿ ತನ್ನ ಕಥೆ ಹೇಳಿದ. ಅವನದು ಮೆಣಸಿನಕಾಯಿ ಆರಿಸುವ ಮನೆತನ. ಮನೆಮಂದಿಯೆಲ್ಲ ರಾಶಿಯ ಸುತ್ತ ಕುಳಿತು ಚಲೋ ಕೆಂಪು ಕಾಯಿ ಒಂದು ಕಡೆ, ಬಣ್ಣಗೆಟ್ಟದ್ದು ಒಂದು ಕಡೆ ಮಾಡುತ್ತಿದ್ದರಂತೆ. ಇವನು ಆರಿಸಿದ ರಾಶಿಯನ್ನು ಮತ್ತೆ ಬೇರೆಯವರು ಆರಿಸಬೇಕಾಗುತ್ತಿತ್ತು. ಸೋಮಾರಿ ಎಂದು ಎಷ್ಟೋ ವರ್ಷ ಬೈಸಿಕೊಂಡ. ಕಣ್ಣಿನದೇ ತೊಂದರೆ ಎಂದು ಗೊತ್ತಾದದ್ದು ಬಹಳ ತಡವಾಗಿ.

"ಬ್ಯಾಡಗ್ಯಾಗ ಹುಟ್ಟಿ ಕೆಂಪು ಕಾಣಲಿಲ್ಲಂದ್ರ ಏನ್ ಮಾಡೂದ್ರಿ? ಈ ಕಡೆ ಬಂದೆ. ಇಲ್ಲೂ ಬಣ್ಣಾನ! ಅದಕ್ಕ ಬಣ್ಣ ನಂಬೂದ ಬಿಟ್ಟೆ. ಒಂದೊಂದ ತಂತೀನೂ ಹಚ್ಚಿ ಕೇಳ್ತೇನಿ, ನೀ ಎಲ್ಲಿಂದ ಬಂದೀ, ಎಲ್ಲಿ ಹೊಂಟೀ ಅಂತ."

ಹೀಗೆ ಕೇಳುತ್ತ ಕೇಳುತ್ತ ಅವನ ಬೆರಳು ಒಂದು ಗಂಟಿನ ಮೇಲೆ ನಿಂತಿತು. ನನ್ನ ಓದುವ ದೀಪ ಹಾಕಿದವನು ಬಣ್ಣ ನೋಡಿ ಒಂದು ತಂತಿ ಕೊಯ್ದಿದ್ದ. ಅದು ತನಗೆ ಬೇಕಾದದ್ದಲ್ಲ, ಅದೇ ಬಣ್ಣದ ಇನ್ನೊಂದು ಎಂದು ಆಮೇಲೆ ತಿಳಿದು, ಕೊಯ್ದದ್ದನ್ನು ಮತ್ತೆ ಗಂಟು ಹಾಕಿ ಟೇಪು ಸುತ್ತಿ, ನೆಲಹಾಸು ಮುಚ್ಚಿದ್ದ. ಬಿಸಿಲ ಕಾವಿಗೆ ಟೇಪು ಬಿಚ್ಚಿಕೊಂಡಿತ್ತು. ಮೇಲೆ ಭಾರ ಬಿದ್ದಾಗ ಬರಿಯ ತಾಮ್ರ ಕೆಳಗಿನ ಕಬ್ಬಿಣಕ್ಕೆ ತಾಗುತ್ತಿತ್ತು. ತಾಗಿ ತಾಗಿ ಅಲ್ಲಿ ಒಂದು ಹೊಳೆಯುವ ಚುಕ್ಕೆ ಬಿದ್ದಿತ್ತು.

"ಇದು ಬಾಗಲ ತೆರದೈತೋ ಮುಚ್ಚೇತೋ ಅಂತ ಗಾಡಿಗೆ ಸುದ್ದಿ ಒಯ್ಯೂ ತಂತಿ" ಎಂದ ಮಿಸ್ತ್ರಿ. "ಕಬ್ಬಿಣಕ್ಕ ತಾಗಿದ್ರ ಬಾಗಲ ತೆರದೈತಿ ಅಂತ ಅದಕ್ಕ ಅನಸ್ತೈತಿ. ಮ್ಯಾಲಿನ ದೀಪ ಚಲೋ ಇದ್ದಿದ್ರ ಅದು ಹತ್ತಿ ನಿಮಗೂ ಗೊತ್ತಾಗ್ತಿತ್ತು. ಬಾಗಲ ತೆರದ ಮನ್ಯಾಗ ಯಾರಿಗೆ ನಿದ್ದಿ ಬರ್ತೈತ್ರಿ? ರಾತ್ರಿ ಎಲ್ಲಾ ಎಚ್ಚರ ಇದ್ದು ಇದ್ದು ಬ್ಯಾಟರಿ ಖಾಲಿ."

ನನ್ನ ದೀಪ. ನನ್ನ ಕಾಗದ. ನನ್ನ ಸೋಮಾರಿತನ. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ನಾಚಿಕೆಯ ಜೊತೆಗೇ, ಆ ಮನುಷ್ಯನ ಮೇಲೆ ಉಕ್ಕಿ ಬಂದ ಗೌರವವನ್ನೂ ಹೇಳಬೇಕು. ಎಷ್ಟೋ ನ್ಯಾಯಾಧೀಶರ ಮುಂದೆ ನಿಂತಿದ್ದೇನೆ, ಅಷ್ಟು ಚೊಕ್ಕ ವಿಚಾರಣೆ ನಾನು ಕಂಡಿರಲಿಲ್ಲ. ಯಾರ ಮೇಲೂ ಮೊದಲೇ ಅನುಮಾನವಿಲ್ಲ, ಅವಸರವಿಲ್ಲ. ಬಲ್ಬು ಆರಿದಾಗ ನನ್ನಂಥವಳಾದರೆ ಅಲ್ಲೇ ತೀರ್ಪು ಬರೆದು ಎದ್ದುಬಿಡುತ್ತಿದ್ದೆ. ಅವನು ಬೆಂಚಿನ ಕಡೆ ನೋಡಿದ.

ತಂತಿಗೆ ಬೆಸುಗೆ ಹಾಕಿ, ಮೇಲೆ ರಬ್ಬರಿನ ತೋಳು ಏರಿಸಿ, ನೆಲಹಾಸು ಮುಚ್ಚಿದ. ಕಟ್ಟುಗಳನ್ನು ಅದೇ ಜಾಗದಲ್ಲಿಟ್ಟು ಮೂರನೆಯ ಬಾರಿ ಅರ್ಧ ಗಂಟೆ ಕೂರಿಸಿದ. ಬಲ್ಬು ಆರಿತು. ಆಗ ಕಾಕಾ ತಣ್ಣಗಾಗಿದ್ದ ಚಹಾ ಎತ್ತಿ ಕುಡಿದ.

"ಕಾಕಾ, ನಂದ ತಪ್ಪಾತು" ಎಂದೆ.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಕೇಳಿದ, "ಬೈದದ್ದು ಎಲ್ಲಿ ಬಾಯಾರ?"

"ಕೋರ್ಟಿನ ಮುಂದ."

"ಹಂಗಾರ ಇದನ್ನೂ ಅಲ್ಲೇ ಹೇಳಿದ್ರ ಚಲೋ ಇರ್ತೈತಿ."

ಕಾಕಾ ಬೇಡವೆಂದು ಕೈಯಾಡಿಸಿದ. ಆದರೆ ಅವನ ಕಣ್ಣು ಬೇಡ ಎನ್ನುತ್ತಿರಲಿಲ್ಲ.

ಮರುದಿನ ಅದೇ ಚಹಾದಂಗಡಿಯ ಮುಂದೆ, ಅವತ್ತು ಕೇಳಿದವರಲ್ಲಿ ಹೆಚ್ಚಿನವರು ಇದ್ದಾಗ, ನಾನು ಗಟ್ಟಿಯಾಗಿ ಹೇಳಿದೆ: "ಗಾಡಿ ಕೆಟ್ಟದ್ದು ನನ್ನಿಂದ. ಕಾಕಾಂದ ಎಳ್ಳಷ್ಟೂ ತಪ್ಪಿರಲಿಲ್ಲ. ಸುಳ್ಳ ಅಂದವಳು ನಾನು." ಡ್ರೈವರುಗಳು ಕಾಕಾನ ಹೆಗಲ ಮೇಲೆ ಕೈ ಹಾಕಿದರು. ಒಬ್ಬ ಅವನಿಗೆ ಚಹಾ ಹೇಳಿದ.

ಸಂಜೆ ಹೊರಡುವಾಗ, "ಇರ್ಲಿ ಬಿಡ್ರಿ ಅವ್ವಾರ" ಎಂಬ ಮಾತನ್ನು ಅವನಿಂದ ನಿರೀಕ್ಷಿಸಿ ಪಕ್ಕದಲ್ಲಿ ನಿಂತೆ. ಅಷ್ಟು ವರ್ಷ ನನ್ನೆದುರು ತಲೆ ಎತ್ತಿ ಮಾತಾಡದ ಕಾಕಾ ಅವತ್ತು ನೇರ ನನ್ನನ್ನೇ ನೋಡಿದ.

"ಬೈದದ್ದಕ್ಕ ಸಿಟ್ಟಿಲ್ರಿ. ಮಿಸ್ತ್ರಿ ಗುರುತಿಲ್ಲದಾಂವ, ಅಂವ ನನ್ನ ಕೇಳಿದ. ನೀವು ಕೇಳಲಿಲ್ಲ."

ಕಾಕಾ ಗಾಡಿ ತರಲು ಹೋದ.