ಕದದ ಹಿಂದಿನ ಖುರಾಕು

ಆ ತಂಬಿಗೆ ಹಿತ್ತಾಳೆಯದೋ ಸ್ಟೀಲಿನದೋ, ಈಗ ಖಾತ್ರಿಯಿಂದ ಹೇಳಲಾರೆ. ವರ್ಷ ತೊಂಬತ್ತೈದೋ ತೊಂಬತ್ತಾರೋ ಎಂಬುದೂ ಅಷ್ಟೇ. ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಕಾಲೇಜಿನಲ್ಲಿ ಓದಿದ್ದಕ್ಕೆ ಹೊಂದಿಸಿಕೊಂಡು ಕಂಡೆ ಅಂದುಕೊಂಡದ್ದೆಷ್ಟು, ತಿಳಿಯದು. ಗಸಗಸೆ ಹಾಕಿ ಅರೆದ ಬಾದಾಮಿಯ ವಾಸನೆ ಮಾತ್ರ ಸುಳ್ಳಲ್ಲ. ಅದು ಈಗಲೂ ಮೂಗಿಗೆ ಬಂದರೆ ನಾನು ಬೈಲಹೊಂಗಲದ ಆಯಿಯ ಮನೆಯ ಪಡಸಾಲೆಯಲ್ಲಿ ಕುಳಿತಿರುತ್ತೇನೆ.

ನಮ್ಮ ಮನೆ ಸವದತ್ತಿಯಲ್ಲಿ. ಸೂಟಿ ಸಿಕ್ಕಿತೆಂದರೆ ಅವ್ವನ ತವರಾದ ಬೈಲಹೊಂಗಲಕ್ಕೆ ಓಡುತ್ತಿದ್ದೆ. ಅಲ್ಲಿ ಅಜ್ಜಿ, ಅಂದರೆ ನಮ್ಮ ಆಯಿ. ಕುಸ್ತಿ ಕಲಿಯುತ್ತಿದ್ದ ಮಾವ. ಮದುವೆಯ ವಯಸ್ಸಿಗೆ ಬಂದಿದ್ದ, ಅವ್ವನ ತಂಗಿ ಚಿಗವ್ವ. ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಕುಸ್ತಿ ಕಲಿಸುವ ವಸ್ತಾದರು ಒಂದು ದಿನ ಮನೆಗೇ ಬಂದು ಆಯಿಗೆ ಹೇಳಿದ್ದರು: ‘ಹುಡಗನ ಕೈಯಾಗ ಡಾವ, ಪಟ್ಟು ಅದಾವರಿ, ಮೈಯಾಗ ಮಾಂಸ ಇಲ್ಲ. ದೀಪಾವಳಿ ಅನ್ನೂದರಾಗ ಮೈ ತುಂಬಿದ್ರ ಕೊಲ್ಹಾಪುರದ ತಾಲೀಮಿಗೆ ಕಳಸ್ತೇನಿ. ಇಲ್ಲಾಂದ್ರ ಹೊಲದ ಕೆಲಸಕ್ಕ ಹಚ್ಚಿಬಿಡ್ರಿ.’

ಅವತ್ತಿನಿಂದ ಮನೆಯ ಎಮ್ಮೆ ಮಾವನದಾಯಿತು. ಹಾಲು, ತುಪ್ಪ ಅವನಿಗೆ, ಉಳಿದವರಿಗೆ ಮಜ್ಜಿಗೆ. ನೆನೆಹಾಕಿದ ಬಾದಾಮಿಯ ಸಿಪ್ಪೆ ಸುಲಿದು, ಒರಳಲ್ಲಿ ನುಣ್ಣಗೆ ಅರೆದು, ಕಾದ ಹಾಲಿಗೆ ಬೆರೆಸಿ, ಮೇಲೆ ತುಪ್ಪ ಸುರಿದು ತಂಬಿಗೆ ತುಂಬುತ್ತಿದ್ದರು. ಜೊತೆಗೆ ಮೊಳಕೆ ಬಂದ ಹೆಸರುಕಾಳು, ಬೆಲ್ಲ, ಶೇಂಗಾ. ಇದೇ ಪೈಲ್ವಾನನ ಖುರಾಕು.

ಖುರಾಕನ್ನು ಯಾರ ಕಣ್ಣೆದುರಿಗೂ ತಿನ್ನಬಾರದು. ತಂಬಿಗೆಗೆ ಅರಿವೆ ಮುಚ್ಚಿ ಒಳಕೋಣೆಗೆ ಒಯ್ದು ಕದ ಹಾಕಿಕೊಳ್ಳಬೇಕು. ನಾನು ಒಮ್ಮೆ ಇಣುಕಲು ಹೋಗಿ ಆಯಿಯ ಕೈಗೆ ಸಿಕ್ಕಿಬಿದ್ದೆ. ‘ಹೊಳ್ಳಿ ನಿಂದರಬೇ! ತಿನ್ನಾವರ ಬಾಯಿ ನೋಡಿದ್ರ ತಿಂದದ್ದು ಮೈಗೆ ಹತ್ತೂದಿಲ್ಲ.’ ಒಡಹುಟ್ಟಿದವರ ಕಣ್ಣಿನ ನೆದರು ಮಾತ್ರ ತಾಗುವುದಿಲ್ಲವಂತೆ. ಹಾಗಾಗಿ ಒಯ್ದು ಕೊಡುವ ಕೆಲಸ ಚಿಗವ್ವನದು. ಅವಳು ತಂಬಿಗೆ ಹಿಡಿದು ಒಳಗೆ ಹೋಗುತ್ತಿದ್ದಳು, ಸ್ವಲ್ಪ ಹೊತ್ತಿನ ಮೇಲೆ ಖಾಲಿ ತಂಬಿಗೆ ಹಿಡಿದು ಬರುತ್ತಿದ್ದಳು.

ಚಿಗವ್ವ ಆಗ ಕಡ್ಡಿ. ನೋಡಲು ಬಂದ ಗಂಡಿನ ಕಡೆಯವರು ‘ಹುಡಗಿ ಭಾಳ ಸಣ್ಣದಾಳ’ ಎಂದು ಚುರುಮರಿ ತಿಂದು ಎದ್ದು ಹೋಗುತ್ತಿದ್ದರು. ಎದುರು ಮನೆಯ ಅತ್ತೆಯಂತೂ ಇವಳು ನೀರಿಗೆ ಹೋದಾಗಲೆಲ್ಲ, ‘ಗಾಳಿ ಬಿಟ್ಟೈತಿ, ಸೆರಗಿಗೆ ಒಂದ ಕಲ್ಲ ಕಟಗೋವಾ, ಹಾರಿ ಹೋದೀ’ ಅನ್ನುತ್ತಿದ್ದಳು. ಚಿಗವ್ವ ನಕ್ಕು ಕೊಡ ಎತ್ತುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಮಾವನ ತೂಕ ನೋಡುತ್ತಿದ್ದದ್ದು ಹತ್ತಿ ಗಿರಣಿಯ ಕಾಟಾದ ಮೇಲೆ. ಹತ್ತಿ ಅಂಡಿಗೆಗಳ ನಡುವೆ ಪೈಲ್ವಾನರು ಸಾಲು ನಿಲ್ಲುತ್ತಿದ್ದರು. ಮಾವ ಏರಿದರೆ ಮುಳ್ಳು ಹೋದ ಸಲ ನಿಂತಲ್ಲೇ ಬಂದು ನಿಲ್ಲುತ್ತಿತ್ತು.

‘ಏನೋ, ಖುರಾಕ ಹೊಳ್ಳಿ ಎಮ್ಮಿಗೇ ಕುಡಸಾಕತ್ತೀಯೇನ?’ ಎಂದರಂತೆ ವಸ್ತಾದರು.

‘ಎಮ್ಮೀನೂ ಸೊರಗೇತ್ರಿ,’ ಎಂದನಂತೆ ಮಾವ.

ಎಲ್ಲರೂ ನಕ್ಕರಂತೆ. ಅದನ್ನು ಕೇಳಿದ ಆಯಿ ನಗಲಿಲ್ಲ. ಮಾವನಿಗೆ ನೆದರಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕದದ ಸಂದಿಗೂ ಅರಿವೆ ತುರುಕಿದಳು. ಯಾರೂ ನೋಡದಂತೆ ಮಾಡುವುದರಲ್ಲೇ ಆಕೆಯ ಕಾಳಜಿಯೆಲ್ಲ ಕಳೆಯಿತು. ಕದದ ಹಿಂದೆ ಏನು ನಡೆಯುತ್ತಿದೆಯೆಂದು ನೋಡಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ನೋಡುತ್ತಿರಲಿಲ್ಲ.

ದಸರೆಯ ಸೂಟಿಗೆ ಹೋದಾಗ ಆಯಿ ಚಿಗವ್ವನ ಕುಬಸದ ಒಳಹೊಲಿಗೆ ಬಿಚ್ಚುತ್ತ ಕುಳಿತಿದ್ದಳು. ತೋಳು ಬಿಗಿಯಾಗುತ್ತಿತ್ತಂತೆ. ‘ಮಜ್ಜಿಗಿ ಕುಡುದ ಹಿಂಗ ತುಂಬ್ಯಾಳ ನೋಡ ನನ್ನ ಮಗಳು. ಹಾಲ ಕುಡದಾಂವ ಹಂಗ ಅದಾನ,’ ಎಂದು ದಾರ ಕಚ್ಚಿ ಹರಿದಳು. ಮಾವ ಅಂಗಳದಲ್ಲಿ ಬೈಠಕ್ ಹೊಡೆಯುತ್ತಿದ್ದ. ಅವನು ತಿರುಗಿ ನೋಡಲಿಲ್ಲ. ಚಿಗವ್ವನ ಗಲ್ಲ ಕೆಂಪಾಯಿತು. ಅಥವಾ ಹಾಗೆಂದು ನಾನು ಈಗ ಬಣ್ಣ ಹಚ್ಚುತ್ತಿದ್ದೇನೆ.

ದೀಪಾವಳಿಗೆ ಕೊಲ್ಹಾಪುರಕ್ಕೆ ಹೋದದ್ದು ಬೇರೆ ಹುಡುಗ. ಮುಂದಿನ ಬೇಸಿಗೆಯಲ್ಲಿ ಚಿಗವ್ವ ಮದುವೆಯಾಗಿ ರಾಮದುರ್ಗಕ್ಕೆ ಹೋದಳು.

ಎರಡು ಸಾವಿರದ ಆಚೆ ಧಾರವಾಡದಲ್ಲಿ ಗೃಹವಿಜ್ಞಾನ ಓದುವಾಗ ಕ್ಯಾಲೊರಿ, ಪ್ರೋಟೀನುಗಳ ಪಾಠ ಬಂತು. ಸ್ನಾಯು ಬೆಳೆಯಲು ಮೂರೂ ಬೇಕು: ದುಡಿತ, ಪ್ರೋಟೀನು, ಸಾಕಷ್ಟು ಕ್ಯಾಲೊರಿ. ದುಡಿಯುವ ಮೈಗೆ ಕ್ಯಾಲೊರಿ ಸಾಲದಿದ್ದರೆ ಅದು ಪ್ರೋಟೀನನ್ನೇ ಉರಿಸಿಕೊಳ್ಳುತ್ತದೆ. ಕಟ್ಟಿಗೆ ತೀರಿದ ಮನೆಯವರು ತೊಲೆ ಕಿತ್ತು ಒಲೆಗೆ ಹಾಕಿದಂತೆ. ಅದನ್ನು ಬರೆದುಕೊಳ್ಳುತ್ತಿದ್ದಾಗ ನನ್ನ ಕೈ ನಿಂತಿತು. ತುಪ್ಪ, ಬಾದಾಮಿ ಗಾಳಿಯಲ್ಲಿ ಕರಗುವುದಿಲ್ಲ. ಅವು ಯಾರದೋ ಮೈಗೆ ಹತ್ತಲೇಬೇಕು.

ಆಮೇಲೆಯೇ ಇನ್ನೊಂದು ನೆನಪು ಬಂದದ್ದು: ಕೋಣೆಯಿಂದ ಹೊರಬರುತ್ತಿದ್ದ ಚಿಗವ್ವನ ಮೇಲ್ದುಟಿಯಲ್ಲಿ ಹಾಲಿನ ತೆಳು ಗೆರೆ. ಅದನ್ನು ಅಂದು ಕಂಡೆನೋ, ಪಾಠ ಕೇಳಿದ ಮೇಲೆ ನಾನೇ ಎಳೆದೆನೋ? ನನ್ನ ಲೆಕ್ಕ ತಪ್ಪಿರಲೂಬಹುದು. ಎರಡು ಹೊತ್ತು ಮೈ ಮುರಿದು ಕಸರತ್ತು ಮಾಡುತ್ತಿದ್ದ ಮಾವನಿಗೆ ಪೂರ್ತಿ ತಂಬಿಗೆಯೂ ಸಾಲದೆ ಹೋಗಿರಬಹುದು. ಚಿಗವ್ವ ಆ ವರ್ಷ ಹೊಲಕ್ಕೆ ಹೋಗುವುದನ್ನು ಬಿಟ್ಟಿದ್ದಳು, ಅದಕ್ಕೇ ತುಂಬಿಕೊಂಡಿರಬಹುದು.

ಆ ಖುರಾಕೆಲ್ಲ ಏನಾಯಿತೆಂದು ಮಾವನನ್ನು ಕೇಳಿದೆ. ಈಗ ಅವನು ಕಬ್ಬು ಬೆಳೆಯುತ್ತಾನೆ, ಹೊಟ್ಟೆಯೂ ಬಂದಿದೆ. ‘ನನ್ನ ಮೈಗೆ ಹತ್ತಲಿಲ್ಲಬೇ, ಅಷ್ಟ. ಈಗ ನೋಡ, ಬ್ಯಾಡಂದ್ರೂ ಹತ್ತತೈತಿ,’ ಎಂದು ಹೊಟ್ಟೆ ತಟ್ಟಿ ನಕ್ಕ.

ಓದು ಮುಗಿದ ವರ್ಷ ರಾಮದುರ್ಗಕ್ಕೆ ಹೋದೆ. ಚಿಗವ್ವ ಬಾಣಂತಿ ನಾದಿನಿಗೆಂದು ಬಾದಾಮಿ ಸುಲಿಯುತ್ತಿದ್ದಳು. ನಾನೂ ಕೈ ಹಚ್ಚಿದೆ. ಅಲ್ಲಿ ನಾವಿಬ್ಬರೇ ಇದ್ದೆವು. ನಾನು ಒಂದು ಮಾತು ಕೇಳಿದೆ. ಅವಳು ಸುಲಿದ ಬಾದಾಮಿಯೊಂದನ್ನು ನನ್ನ ಬಾಯಿಗಿಟ್ಟು, ಎದ್ದು ಒಳಗೆ ಹೋದಳು. ಅದಾದ ಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ. ಆ ಮಾತು ಅವಳೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ನಾನು ಕೇಳಿದ್ದು ಇಷ್ಟೇ:

‘ಚಿಗವ್ವಾ, ಕದದ ಹಿಂದ ಆ ತಂಬಿಗಿ ನೀ ಬೇಡಿದ್ದ್ಯೋ, ಮಾವ ತಾನಾಗೇ ನಿನ್ನ ಕೈಗೆ ಕೊಟ್ಟಿದ್ದನೋ?’