ಫ್ರೀಜರ್ ಕಾಯುತ್ತಿದ್ದ ಲಕ್ಷ್ಮಕ್ಕ

ದೊಡ್ಡ ಫ್ರೀಜರಿನ ಬಾಗಿಲು ತೆಗೆಯುವಾಗ ಲಕ್ಷ್ಮಕ್ಕ ಉಸಿರು ಬಿಗಿಹಿಡಿಯುತ್ತಿದ್ದರು. ಮೊಣಕೈವರೆಗೆ ನೀಲಿ ಗ್ಲೌಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಿಗಿದ ತುಟಿ. ಬೇಕಾದ ಡಬ್ಬಿ ತೆಗೆದು ಬಾಗಿಲು ಮುಚ್ಚಿದ ಮೇಲೆಯೇ ಉಸಿರು, ಮಾತು ಎಲ್ಲ. ನಡುವೆ ಯಾರಾದರೂ ಮಾತಾಡಿಸಿದರೆ ಆಮೇಲೆ ಮಂಗಳಾರತಿ. "ಬಾಗ್ಲು ತಗ್ದಿಟ್ಕಂಡು ಹರಟೆ ಹೊಡುದ್ರೆ ಒಳಗಿರೋವು ಏನಾಗ್ಬೇಕು? ಸೆಕೆ ಆಯ್ತದೆ ಅಂತ ಕೂಗಕ್ಕೆ ಅವಕ್ಕೇನ್ ಬಾಯೈತಾ?"

ರಾಮನಗರದ ಒಂದು ಕಾಲೇಜಿನ ಸಣ್ಣ ಲ್ಯಾಬು ನಮ್ಮದು. ನಾನು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ, ಅವರು ಅಟೆಂಡರ್. ಬೆಳಗಿನ ಬಸ್ಸಿಗೆ ಕೂಟಗಲ್ಲಿನಿಂದ ಬರುತ್ತಿದ್ದರು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು; ಹುಳದ ಮನೆಯ ಶಿಸ್ತೇ ಲ್ಯಾಬಿಗೂ ಬಂದಿತ್ತು. ಹುಳಕ್ಕೆ ಘಾಟು ವಾಸನೆ ಆಗದು; ಹಾಗಾಗಿ ಇಲ್ಲೂ ಸೆಂಟು ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತಿದ್ದರು. ಭಾನುವಾರ ರಜೆಯಾದರೂ ಒಮ್ಮೆ ಬಂದು ಫ್ರೀಜರ್ ನೋಡಿಕೊಂಡು ಹೋಗುವುದು ಅವರೇ ಹಾಕಿಕೊಂಡಿದ್ದ ಪದ್ಧತಿ. ಅದನ್ನು ಯಾರೂ ಹೇಳಿರಲಿಲ್ಲ, ಯಾರೂ ಗಮನಿಸಿಯೂ ಇರಲಿಲ್ಲ.

ಹಿಪ್ಪುನೇರಳೆ ಎಲೆಯ ಸತ್ವದಿಂದ ಔಷಧಿಯಾಗಬಲ್ಲದ್ದೇನಾದರೂ ಸಿಗುತ್ತದೆಯೇ ಎಂದು ನಾವು ಹುಡುಕುತ್ತಿದ್ದೆವು. ಸತ್ವವನ್ನು ಪರೀಕ್ಷಿಸಲು ಕೈನೇಸ್ ಎಂಬ ಪ್ರೋಟೀನು ಹೊರದೇಶದಿಂದ ಬರಬೇಕಿತ್ತು. ಮೂರು ತಿಂಗಳು ಕಾದ ಮೇಲೆ ಒಣ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂತು. ಕಿರುಬೆರಳಿನಷ್ಟು ಬಾಟ್ಲು, ಅದರ ತಳದಲ್ಲಿ ನಾಲ್ಕೈದು ಹನಿ. ಇದೇನೆಂದು ಲಕ್ಷ್ಮಕ್ಕ ಕೇಳಿದಾಗ ವಿವರಿಸಿದೆ. ನಮ್ಮ ಮೈಯ ಜೀವಕೋಶಕ್ಕೆ ಬಿಸಿಯೋ ವಿಷವೋ ತಗುಲಿದರೆ ಇದು ಎಚ್ಚರಗೊಂಡು ಉಳಿದ ಪ್ರೋಟೀನುಗಳಿಗೆ ಸುದ್ದಿ ಮುಟ್ಟಿಸುತ್ತದೆ. ಮನುಷ್ಯರ ಜೀನನ್ನು ಹುಳದ ಜೀವಕೋಶದೊಳಗೆ ಕೂರಿಸಿ ಇದನ್ನು ತಯಾರಿಸುತ್ತಾರೆ ಎಂದೆ.

"ನಮ್ ಸಾಮಾನ ಹುಳದ ಕೈಲಿ ಮಾಡುಸ್ತಾರಾ? ಪಾಪ, ರೇಷ್ಮೆ ತಗಂಡಿದ್ ಸಾಲ್ದಾ ಅವುರ್ಗೆ?" ಎಂದು ನಕ್ಕು, ಆ ಬಾಟ್ಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗಿಟ್ಟರು.

ಅದನ್ನು ಒಮ್ಮೆ ಮಾತ್ರ ಐಸಿನಲ್ಲಿ ಕರಗಿಸಿ, ಸಣ್ಣ ಸಣ್ಣ ಪಾಲು ಮಾಡಿ, ಕೂಡಲೇ ಮತ್ತೆ ಹೆಪ್ಪುಗಟ್ಟಿಸಬೇಕು; ಬೆಚ್ಚಗಾದರೆ ಕೆಟ್ಟುಹೋಗುತ್ತದೆ. ಆ ಕೆಲಸ ನನ್ನ ಪಾಲಿಗೆ ಬಂತು. ಶನಿವಾರ ಮಧ್ಯಾಹ್ನ ಬಾಟ್ಲನ್ನು ಐಸಿನ ಬಟ್ಟಲಲ್ಲಿ ಇಟ್ಟಿದ್ದೆ. ಅಷ್ಟರಲ್ಲಿ ಅಮ್ಮ ಫೋನ್ ಮಾಡಿದರು. ತಂಗಿಯನ್ನು ನೋಡಲು ಗಂಡಿನ ಕಡೆಯವರು ಹೊರಟಿದ್ದಾರಂತೆ, ಬೇಗ ಬಾ ಎಂದರು. ಓಡಿಹೋಗಿ ಕನಕಪುರದ ಬಸ್ಸು ಹಿಡಿದೆ.

ಐಸಿನಲ್ಲಿಟ್ಟ ಬಾಟ್ಲು ನೆನಪಾದದ್ದು ಸೋಮವಾರ ಬೆಳಿಗ್ಗೆ, ವಾಪಸ್ ಬರುವ ಬಸ್ಸಿನಲ್ಲಿ. ಲ್ಯಾಬಿಗೆ ಬಂದು ನೋಡಿದರೆ ಮೇಜು ಖಾಲಿ, ಬಾಟ್ಲು ಫ್ರೀಜರಿನಲ್ಲಿ ತನ್ನ ಜಾಗದಲ್ಲೇ ಇದೆ. ನಾನೇ ಇಟ್ಟು ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇಟ್ಟಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕರಗಿಸಿ, ಪಾಲು ಮಾಡಿ, ಎಲ್ಲರಿಗೂ ಹಂಚಿದೆ.

ಎರಡು ವಾರ ನಾಲ್ಕು ಜನ ದುಡಿದರು. ಪ್ರೋಟೀನು ಅಲುಗಲಿಲ್ಲ, ಅದು ಸತ್ತಿತ್ತು. ಲ್ಯಾಬಿನ ಹೊಣೆ ಹೊತ್ತಿದ್ದ ನಮ್ಮ ಪಿಎಚ್‌ಡಿ ಗೈಡ್ ಎಲ್ಲರನ್ನೂ ಕರೆದು ವಿಚಾರಿಸಿದರು. ನಾನು ಕನಕಪುರಕ್ಕೆ ಹೊರಟ ಹಿಂದಿನ ದಿನ, ಶುಕ್ರವಾರ, ಲಕ್ಷ್ಮಕ್ಕ ಫ್ರೀಜರಿನ ಮಂಜು ಕೆರೆದು ತೆಗೆದಿದ್ದರು.

"ಕೆರೆಯುವಾಗ ಡಬ್ಬಿ ಹೊರಗಿಟ್ಟು ಮರೆತಿರಬೇಕು. ಅಲ್ಲವಾ ಲಕ್ಷ್ಮಮ್ಮ?" ಎಂದರು ಗೈಡ್.

ಲಕ್ಷ್ಮಕ್ಕ ನನ್ನ ಕಡೆ ನೋಡಿದರು. ನಾನು ನನ್ನ ನೋಟ್‌ಬುಕ್ಕಿನ ಹಾಳೆ ತಿರುವಿದೆ.

"ಇಲ್ಲ ಸಾ" ಎಂದರು. ಮತ್ತೇನೂ ಹೇಳಲಿಲ್ಲ. ಮರುದಿನ ಅವರನ್ನು ಹಾಸ್ಟೆಲಿನ ಪಾತ್ರೆ ತೊಳೆಯುವ ಕೆಲಸಕ್ಕೆ ಹಾಕಿದರು. ತಿಂಗಳೊಳಗೆ ಅವರು ಕೆಲಸಕ್ಕೆ ಬರುವುದನ್ನೇ ಬಿಟ್ಟರು.

ಒಂದು ವರ್ಷಕ್ಕೂ ಮೇಲಾದ ಮೇಲೆ, ಪ್ರಬಂಧ ಸಲ್ಲಿಸುವ ಮುಂಚೆ, ಕೂಟಗಲ್ಲಿಗೆ ಹೋದೆ. ಅವರು ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. "ಬನ್ನಿ ಮೇಡಂ" ಎಂದರು. ಲ್ಯಾಬಿನಲ್ಲಿದ್ದಾಗ ಹೆಣ್ಣಾದ ನನ್ನನ್ನೂ ‘ಮಗ’ ಎಂದೇ ಕರೆಯುತ್ತಿದ್ದರು.

"ಅಕ್ಕ, ಆ ಬಾಟ್ಲ ಹೊರಗೆ ಬಿಟ್ಟೋಗಿದ್ದು ನಾನು."

"ಗೊತ್ತು. ಭಾನುವಾರ ಬಂದಾಗ ಐಸೆಲ್ಲ ನೀರಾಗೋಗಿತ್ತು, ಬಾಟ್ಲು ತೇಲ್ತಿತ್ತು. ಒರ್ಸಿ ಒಳಗಿಟ್ಟೆ. ಒಸಿ ತಣ್ಣಗಾದ್ರೆ ಸರಿಹೋಯ್ತದೇನೋ ಅನ್ಕಂಡೆ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ನಿಮ್ ಮೊಕ ನೋಡ್ದೆ."

ನನಗೆ ಅಳು ಬಂತು. ತಪ್ಪಾಯಿತು ಅಕ್ಕ ಎಂದೆ. ಅವರು ಸೊಪ್ಪು ಹರಡುವ ಕೈ ನಿಲ್ಲಿಸಲಿಲ್ಲ.

"ನಂಗ್ಯಾಕ್ ಹೇಳ್ತೀರಿ ಮೇಡಂ? ನಂಗ್ ಗೊತ್ತಿರೋದೇ ತಾನೆ. ಗೊತ್ತಿಲ್ದೋರು ಅಲ್ಲಿ ಲ್ಯಾಬಿನಾಗವ್ರೆ."

ಮರುದಿನ ಲ್ಯಾಬಿನ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಗೈಡ್ ಎಲ್ಲರೆದುರೇ ಸ್ಪೀಕರ್ ಹಾಕಿ ಲಕ್ಷ್ಮಕ್ಕನಿಗೆ ಫೋನ್ ಮಾಡಿದರು. ನಮ್ಮಿಂದ ತಪ್ಪಾಗಿದೆ, ವಾಪಸ್ ಬನ್ನಿ ಎಂದರು.

"ಬರಾಕಿಲ್ಲ ಸಾ. ಇಲ್ಲ ಅಂತ ಹೇಳಿದ್ನಲ್ಲ ಅವತ್ತು. ನೀವು ನಂಬ್ಲಿಲ್ಲ."

ಗೈಡ್ ನನ್ನ ಕಡೆ ನೋಡಿ ಫೋನಿನಲ್ಲಿ ಹೇಳಿದರು. "ತಪ್ಪು ಒಪ್ಪಿಕೊಂಡವರೂ ಇಲ್ಲೇ ಇದ್ದಾರೆ. ಒಂದೆರಡು ಮಾತಾಡ್ತೀರಾ?"

ಫೋನಿಗಾಗಿ ಕೈ ಚಾಚಿದೆ.

"ಬ್ಯಾಡಿ ಸಾ. ಕೆಲ್ಸ ಐತೆ" ಎಂಬ ದನಿ ಕೇಳಿತು. ಫೋನ್ ಕಟ್ಟಾಯಿತು. ಚಾಚಿದ ಕೈಯನ್ನು ಎಲ್ಲರೂ ನೋಡುತ್ತಿದ್ದರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ನನಗೆ ತಿಳಿಯಲಿಲ್ಲ.