ಹುಳುಮನೆ ಮುಂದಿನ ಕ್ಯಾಟರ್‌ಬಿಲ್ಲು

ನನ್ನ ಕ್ಯಾಟರ್‌ಬಿಲ್ಲನ್ನು ಒಲೆಗೆ ಹಾಕಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ಏಳನೇ ಕ್ಲಾಸು ಮುಗಿಸಿದ ವರ್ಷ. ಹೈಸ್ಕೂಲಿಗೆ ಬಸ್ಸು ಹತ್ತಿ ಕೋಲಾರಕ್ಕೆ ಹೋಗಬೇಕು. ಅಪ್ಪ ತೀರಿಕೊಂಡಿದ್ದರು, ದೊಡ್ಡಪ್ಪನೇ ಮನೆಯ ಯಜಮಾನರು. "ಈ ಸಲ ಗೂಡು ಚೆನ್ನಾಗಿ ಬಂದ್ರೆ ಕಳಿಸೋಣ ಕಣೇ" ಎಂದಿದ್ದರು. ಅಮ್ಮ ಹಗಲೂ ರಾತ್ರಿ ಸೊಪ್ಪು ಹಾಕಿ ರೇಷ್ಮೆಹುಳು ಸಾಕಿದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟೆಗಳಿಗೆ ಬಿಟ್ಟು ಹುಳುಮನೆ ಮುಂದಿನ ಅಂಗಳದ ಚಪ್ಪರದ ಕೆಳಗೆ ನಿಲ್ಲಿಸಿದ್ದೇ ತಡ, ಹಾಳು ಕಾಗೆಗಳು ಬಂದವು. ಒಂದನ್ನು ಓಡಿಸಿದರೆ ಇನ್ನೊಂದು ಹುಳು ಕಚ್ಚಿಕೊಂಡು ಹೋಗುತ್ತಿತ್ತು.

ನಾನು ಬಿಡುತ್ತೇನೆಯೇ? ಮುರಿದುಬಿದ್ದ ಸೀಬೆ ಕೊಂಬೆಯಿಂದ ಕವೆ ಕಡಿದು, ಗಾಜಿನ ಚೂರಿನಲ್ಲಿ ಹೆರೆದು ನುಣುಪು ಮಾಡಿದೆ. ಸೈಕಲ್ ಶಾಪಿನವನು ಎಸೆದಿದ್ದ ಹಳೇ ಟ್ಯೂಬಿನಿಂದ ಎರಡು ಪಟ್ಟಿ ಕತ್ತರಿಸಿದೆ. ಕಲ್ಲು ಹಿಡಿಯುವ ಜಾಗಕ್ಕೆ ಚರ್ಮ ಬೇಕಲ್ಲ, ತಿಪ್ಪೆಯಲ್ಲಿ ದೊಡ್ಡಪ್ಪನ ಕಿತ್ತುಹೋದ ಚಪ್ಪಲಿ ಸಿಕ್ಕಿತು. ಮೊದಲ ಕಲ್ಲು ನಮ್ಮ ಮನೆಯ ಹಂಚಿಗೇ ಬಿತ್ತು. ಸಂಜೆಯ ಹೊತ್ತಿಗೆ ನಾನು ಕೈ ಎತ್ತಿದರೆ ಸಾಕು, ಕಾಗೆಗಳು ಪರಾರಿ. "ಭೇಷ್ ಕಣೇ" ಎಂದು ಅಮ್ಮ ನಕ್ಕಳು.

ಬೆಳಿಗ್ಗೆ ದೊಡ್ಡಪ್ಪ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಚರ್ಮದ ಗುರುತು ಹತ್ತಿತು. ಸಿಟ್ಟು ಬಂದರೆ ಅವರ ಬಾಯಿಗೆ ತೆಲುಗು.

"ಥೂ, ನೀಕು ಬುದ್ಧಿ ಲೇದಾ? ನಾವು ಚಪ್ಪಲಿ ಬಿಟ್ಟು ಒಳಗೆ ಹೋಗೋ ಹುಳುಮನೆ ಮುಂದೆ ಚಪ್ಪಲಿ ತುಂಡು ಹಿಡ್ಕೊಂಡು ಕುಣೀತೀಯಾ?"

ಚಪ್ಪರದ ಪಕ್ಕದಲ್ಲೇ ನೀರೊಲೆ ಉರಿಯುತ್ತಿತ್ತು. ಕವೆ, ಟ್ಯೂಬು, ಚರ್ಮ ಎಲ್ಲ ಅದರೊಳಕ್ಕೆ ಹೋಯಿತು. ರಬ್ಬರಿನ ಕರೀ ಹೊಗೆ ಎದ್ದು ನೇರ ಚಂದ್ರಿಕೆಗಳಿಗೆ ಬಡಿಯಿತು. "ಅಯ್ಯಯ್ಯೋ, ಹೊಗೆ!" ಎಂದು ಅಮ್ಮ ಸೆರಗು ಬೀಸುತ್ತ ಓಡಿದಳು. ಸೆರಗಿಗೆ ಹೋಗುವ ಹೊಗೆಯೇ ಅದು? ಸಂಜೆಗೆ ಹುಳುಗಳು ಗೂಡು ಕಟ್ಟುವುದನ್ನು ಬಿಟ್ಟು ಪಟಪಟನೆ ನೆಲಕ್ಕೆ ಬಿದ್ದವು.

"ಇವಳು ತಂದ ಚಪ್ಪಲಿ ಮೈಲಿಗೆಯಿಂದ ಬೆಳೆ ಹೋಯ್ತು" ಎಂದು ದೊಡ್ಡಪ್ಪ ಊರಿಗೆಲ್ಲ ಸಾರಿದರು. "ಇನ್ನು ಇವಳಿಗೆ ಸ್ಕೂಲು ಬೇರೆ ಕೇಡು!"

"ಮೈಲಿಗೆ ಅಲ್ಲ, ನೀವು ಹಾಕಿದ ಹೊಗೆ" ಎಂದೆ. ಕೆನ್ನೆಗೆ ಬಿತ್ತು. ಅಮ್ಮ ನನ್ನನ್ನೇ ಒಳಗೆ ಎಳೆದುಕೊಂಡು ಹೋದಳು. ಅದಕ್ಕೂ ನನಗೆ ಸಿಟ್ಟಿದೆ.

ಮುಂದಿನ ಬೆಳೆಯ ಹೊತ್ತಿಗೆ ಹೈಸ್ಕೂಲು ಶುರುವಾಗಿತ್ತು. ನಾನು ಮಾತ್ರ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಹುಳುಮನೆಗೆ ಬರುತ್ತಿದ್ದೆ. ಬಾಗಿಲ ಹತ್ತಿರ ಕೂಲಿಯವನೊಬ್ಬ ಬೀಡಿ ಹಚ್ಚಿದ. ದೊಡ್ಡಪ್ಪ ಜಗಲಿಯಿಂದಲೇ ಗದರಿದರು.

"ಲೇ, ನೀಕು ಬುದ್ಧಿ ಲೇದಾ? ಆರಿಸೋ ಅದನ್ನ! ಹೊಗೆ ತಗುಲಿದ್ರೆ ಹುಳು ಉಳೀತಾವೇನ್ಲಾ?"

ಗೊತ್ತಿತ್ತು! ಅವರಿಗೆ ಎಲ್ಲ ಗೊತ್ತಿತ್ತು. ಹೊರೆಯನ್ನು ಅವರ ಕಾಲ ಮುಂದೆ ಎತ್ತಿಹಾಕಿದೆ.

"ಹಾಗಾದ್ರೆ ನನ್ನ ಸ್ಕೂಲಿಗೆ ಕಳಿಸಿ."

ಅವರು ಬಗ್ಗಿ ಚೆಲ್ಲಿದ ಸೊಪ್ಪು ಆಯತೊಡಗಿದರು. ಸ್ಕೂಲಿಗೆ ಮಾತ್ರ ಕಳಿಸಲಿಲ್ಲ.